ಕೆಳಗೆ ನಿಂತ ಖಾಲಿ ಗಾಡಿ

ಅಂದು ಬೆಳಿಗ್ಗೆಯೂ ನಾನು ಐದೂವರೆಗೆ ಎದ್ದು, ಬಾಗಿಲ ಚಿಲಕಕ್ಕೆ ಸಿಕ್ಕಿಸಿದ್ದ ಬಟ್ಟೆಯ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದು, ಚೊಂಬಿನ ನೀರಿನಲ್ಲಿ ತೊಳೆದು, ಮೂಲೆ ಕತ್ತರಿಸಿ ಪಾತ್ರೆಗೆ ಸುರಿದೆ. ಕತ್ತರಿಸಿದ ಮೂಲೆಯ ಚೂರು ಬೆರಳಿಗೆ ಅಂಟಿಕೊಳ್ಳುತ್ತದೆ, ಅದನ್ನು ಎಲ್ಲಿ ಇಡಬೇಕೆಂದು ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಇಡ್ಲಿ ಹಿಟ್ಟು ಉಬ್ಬಿ ಮುಚ್ಚಳವನ್ನು ಒಂದು ಬೆರಳಿನಷ್ಟು ಎತ್ತಿತ್ತು. ನಮ್ಮ ಘಾಟ್ಕೋಪರಿನ ಕಟ್ಟಡಕ್ಕೆ ನೀರು ಬರುವುದು ಆರಕ್ಕೆ, ಹೋಗುವುದು ಏಳಕ್ಕೆ. ಅಷ್ಟರೊಳಗೆ ಡ್ರಮ್ ತುಂಬಬೇಕು, ಬಟ್ಟೆ ನೆನೆಸಬೇಕು, ಕಿಟಕಿಯ ತುಳಸಿಗೆ ಒಂದು ಲೋಟ ಹಾಕಬೇಕು.

ದಿನದಂತಿಲ್ಲದ್ದು ಎರಡೇ ಸಂಗತಿ. ಎಂದೂ ಬೆಳಗಿನ ನಾಲ್ಕಕ್ಕೆ ಮನೆ ಬಿಡುವ ಯಜಮಾನರು ಅಂದು ಆರು ಗಂಟೆಗೆ ಬನಿಯನ್ ತೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಇನ್ನೊಂದು, ಕಿಟಕಿ ತೆರೆದಾಗ ಕೆಳಗೆ ಗೇಟಿನ ಪಕ್ಕದಲ್ಲಿ ಟೆಂಪೋ ನಿಂತಿತ್ತು. ಮೂರನೆಯ ಮಹಡಿಯಿಂದ ಅದರ ತೆರೆದ ಹಿಂಭಾಗ ಪೂರ್ತಿ ಕಾಣುತ್ತಿತ್ತು. ಮೂಲೆಯಲ್ಲಿ ಮಡಿಸಿಟ್ಟ ಗೋಣಿಗಳು, ನಡುವೆ ಒಂದು ಎಲೆಕೋಸಿನ ಎಲೆ, ಎಲೆಯ ಪಕ್ಕ ಒಂದು ಕಾಗೆ.

"ಕಾಗೆ ಬಿಟ್ಟರೆ ಲೋಡು ಎಂತದ್ದೂ ಇಲ್ಲ" ಎಂದರು ಅವರು, ನನ್ನ ಹೆಗಲ ಮೇಲಿಂದ ಇಣುಕಿ.

ಅವರು ಸಾಂತಾಕ್ರೂಜಿನ ಒಂದು ಹೋಟೆಲಿಗೆ ಇಪ್ಪತ್ತಮೂರು ವರ್ಷದಿಂದ ತರಕಾರಿ, ತೆಂಗಿನಕಾಯಿ, ಅಕ್ಕಿ ತಂದು ಹಾಕುತ್ತಿದ್ದರು. ಹೋಟೆಲಿನ ಟೆಂಪೋವನ್ನು ತಾವೇ ಓಡಿಸಿಕೊಂಡು ಖಾಡಿಯ ಉಪ್ಪುನೀರನ್ನು ಸೇತುವೆಯ ಮೇಲೆ ದಾಟಿ ವಾಶಿ ಮಾರ್ಕೆಟ್ಟಿಗೆ ಹೋಗುವುದು, ತುಂಬಿಸಿಕೊಂಡು ಬರುವುದು. ಹಿಂದಿನ ದಿನ ಧಣಿಗಳು ಅವರನ್ನು ಕರೆದು, ಇನ್ನು ಹೋಟೆಲಿಗೆ ಸ್ವಂತ ಗಾಡಿ ಇಟ್ಟುಕೊಳ್ಳುವುದಿಲ್ಲ, ಬೇಕಾದರೆ ನೀನೇ ಇದನ್ನು ಕಂತಿನಲ್ಲಿ ತೆಗೆದುಕೊಂಡು ಸ್ವಂತಕ್ಕೆ ಸಾಗಾಟ ಶುರುಮಾಡು ಎಂದಿದ್ದರು. ನಮ್ಮ ಹೋಟೆಲಿನ ಸಾಮಾನು ತರುವ ಕೆಲಸ ನಿನ್ನದೇ, ಬಾಂದ್ರಾದ ನನ್ನ ಭಾವನ ಹೋಟೆಲಿನದೂ ನಿನ್ನದೇ. ಬೇಡವಾದರೆ ಒಳಗೆ ಕೌಂಟರಿನಲ್ಲಿ ಕೂತುಕೋ, ಸಂಬಳ ಈಗಿನಷ್ಟೇ. ಗಾಡಿಯನ್ನು ಇನ್ನೊಬ್ಬರು ಕೇಳಿದ್ದಾರೆ, ನಾಳೆ ನಿನಗೆ ವಾರದ ರಜೆಯಲ್ಲವೇ, ಇವತ್ತು ಮನೆಗೆ ತೆಗೆದುಕೊಂಡು ಹೋಗು, ನಾಳೆ ಸಂಜೆ ಆರಕ್ಕೆ ಉತ್ತರ ಹೇಳು. ಹಾಗಾಗಿ ಟೆಂಪೋ ನಮ್ಮ ಗೇಟಿನಲ್ಲಿ ಅತಿಥಿಯ ಹಾಗೆ ನಿಂತಿತ್ತು.

"ಯೋಚನೆ ಮಾಡಿದ್ಯಾ?" ಚಹಾದ ಲೋಟ ತೆಗೆದುಕೊಳ್ಳುತ್ತಾ ಕೇಳಿದರು.

"ನಾನು ಎಂತ ಯೋಚನೆ ಮಾಡುದು ಮಾರಾಯ್ರೆ? ನಿಮಗೆ ಸರಿ ಕಂಡ..."

"ಹಾಂ! ಅದೊಂದು ಮಾತು ಬೇಡ." ಲೋಟವನ್ನು ಮೇಲೆತ್ತಿ ನನ್ನನ್ನು ತಡೆದರು. "ಬೇರೆ ಎಂತ ಬೇಕಾದ್ರೂ ಹೇಳು. ಬೈ ಬೇಕಾದ್ರೆ. ಆ ಮಾತು ಮಾತ್ರ ಬೇಡ."

ಅದಕ್ಕೊಂದು ಹಿನ್ನೆಲೆಯಿದೆ. ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ ಬಾಂದ್ರಾದ ಒಂದು ಆಫೀಸಿನ ಕ್ಯಾಂಟೀನ್ ನಡೆಸುವ ಅವಕಾಶ ಅವರಿಗೆ ಬಂದಿತ್ತು. ಅಂದು ನಾನು ತೊಟ್ಟಿಲು ತೂಗುತ್ತಾ, ತಲೆಯೆತ್ತದೆ, "ನಿಮಗೆ ಸರಿ ಕಂಡ ಹಾಗೆ ಮಾಡಿ" ಎಂದಿದ್ದೆ. ಗಂಡ ಹೆಂಡಿರ ಮಾತಿನಲ್ಲಿ ಅದರ ಅರ್ಥ ಬೇಡ ಎಂದು. ಅವರಿಗೂ ಅದು ತಿಳಿಯಿತು. ಮರುದಿನದಿಂದ ಆ ಸುದ್ದಿಯನ್ನೇ ಎತ್ತಲಿಲ್ಲ. ಒಮ್ಮೆಯಾದರೂ ಎತ್ತಿ ಆಡಿದ್ದರೆ ನನಗೆ ಇಷ್ಟು ಕಾಲ ಅದು ನೆನಪಿರುತ್ತಿರಲಿಲ್ಲವೋ ಏನೋ.

"ನಿಮಗೆ ಮನಸ್ಸುಂಟಲ್ಲ?" ಎಂದೆ.

"ಮನಸ್ಸುಂಟು. ಆದ್ರೆ ನೋಡು, ವಾಶಿಯಿಂದ ಬರುವಾಗ ಲೋಡು ಉಂಟು. ಇಲ್ಲಿಂದ ಹೋಗುವಾಗ ಎಂತ ಉಂಟು? ಗಾಳಿ. ಗಾಳಿ ತುಂಬಿಸಿಕೊಂಡು ಖಾಡಿ ದಾಟ್ಬೇಕು. ಧಣಿಗಳ ಗಾಡಿ ಆದ್ರೆ ಗಾಳಿಯೂ ಅವರದ್ದು, ಡೀಸೆಲೂ ಅವರದ್ದು. ನಮ್ಮದಾದ್ರೆ ದಿನಾ ಅರ್ಧ ದಾರಿ ಖಾಲಿ ಓಡಿಸ್ಬೇಕು. ಖಾಲಿ ಗಾಡಿ ಬದುಕಿಸುದಿಲ್ಲ ಮಾರಾಯ್ತಿ."

ಒಳಗಿನ ಕೋಣೆಯಿಂದ ಕಣ್ಣುಜ್ಜುತ್ತಾ ಬಂದ ಮಗಳು ಕೇಳಿದಳು, "ಪಪ್ಪಾ, ಗಾಳಿ ಮತ್ಲಬ್ ಏರ್?"

"ಹೂಂ."

"ಏರ್ ಯಾಕೆ ಹಿಂದೆ ಹಾಕುದು? ಟೈರ್‌ನಲ್ಲಿ ಆಲ್‌ರೆಡಿ ಉಂಟಲ್ಲ."

ಕಾಲೇಜಿಗೆ ಹೋಗುವ ಹುಡುಗಿ. ಕನ್ನಡ ಅವಳಿಗೆ ತಿಳಿಯುತ್ತದೆ, ಆಡುವಾಗ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾಳೆ. ಅವರು ನಕ್ಕರು. ನಗುತ್ತಲೇ ಮತ್ತೊಮ್ಮೆ ಕಿಟಕಿಯಿಂದ ಕೆಳಗೆ ನೋಡಿದರು. ಖಾಲಿ, ಖಾಲಿ ಎಂಬ ಆ ಮಾತು ನನ್ನ ಕಿವಿಯಲ್ಲಿ ಸಾರಿನ ಒಗ್ಗರಣೆಯ ವಾಸನೆಯಂತೆ ಕೂತುಬಿಟ್ಟಿತು. ಹಿಟ್ಟು ಹುಯ್ಯುವಾಗಲೂ ಖಾಲಿ, ಡ್ರಮ್ಮಿಗೆ ಪೈಪು ಹಾಕುವಾಗಲೂ ಖಾಲಿ.

ಇಲ್ಲಿ ಆ ಪದಕ್ಕೂ ನನಗೂ ಇರುವ ಹಳೆಯ ಜಗಳವನ್ನು ಹೇಳಬೇಕು. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಹಿಂದಿ ಮೂರನೆಯ ಭಾಷೆ. ಮದುವೆಯಾಗಿ ಮುಂಬಯಿಗೆ ಬಂದು ಒಂದು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಗ್ಯಾಸಿನವ ಮೆಟ್ಟಿಲ ಬುಡದಿಂದ, "ಸಿಲಿಂಡರ್ ಖಾಲಿ ಆಹೆ!" ಎಂದು ಕೂಗಿದ. ನನಗೆ ಸಿಟ್ಟು ಬಂತು. ದುಡ್ಡು ತೆಗೆದುಕೊಂಡು ಖಾಲಿ ಸಿಲಿಂಡರ್ ತರುವುದೆಂದರೇನು? ಶಾಲೆಯ ಹಿಂದಿಯಲ್ಲಿ, "ಖಾಲಿ ಸಿಲಿಂಡರ್ ನಮಗೆ ಬೇಡ. ದಯವಿಟ್ಟು ತುಂಬಿದ ಸಿಲಿಂಡರ್ ತನ್ನಿ" ಎಂದು ಮಹಡಿಯಿಂದಲೇ ಉತ್ತರ ಕೊಟ್ಟೆ. ಅವನು ಒಂದು ನಿಮಿಷ ನನ್ನನ್ನೇ ನೋಡಿ, ಸಿಲಿಂಡರನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟುಹೋದ. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಸಿಲಿಂಡರ್ ಕೆಳಗಿದೆ ಎಂದಷ್ಟೇ ಅವನು ಹೇಳಿದ್ದು. ಆ ವಾರವೆಲ್ಲ ನಮ್ಮ ಮನೆಗೆ ಊಟ ಹೋಟೆಲಿನಿಂದ ಬಂತು. ಅಂದಿನಿಂದ ನಾನು ಏನು ಎಡವಟ್ಟು ಮಾಡಿದರೂ ಮನೆಯಲ್ಲಿ, "ಸಿಲಿಂಡರ್ ಖಾಲಿ" ಎನ್ನುತ್ತಾರೆ.

ಇಷ್ಟಾದ ಮೇಲೆ ಆ ತಪ್ಪನ್ನು ನಾನು ಇನ್ನೊಮ್ಮೆ ಮಾಡಬಾರದಿತ್ತು. ಆದರೆ ಅಂದು ಮಾಡಿದೆ.

ನಮ್ಮ ಎದುರು ಮನೆಯವರು ಮರಾಠಿಯವರು. ಒಬ್ಬರನ್ನೊಬ್ಬರು ನಾವು ವಹಿನಿ ಎಂದು, ಅಂದರೆ ಅತ್ತಿಗೆ ಎಂದು ಕರೆಯುತ್ತೇವೆ. ಯಾರಿಗೆ ಯಾರು ಅತ್ತಿಗೆ ಎಂದು ಇಬ್ಬರೂ ಕೇಳಿಕೊಂಡಿಲ್ಲ. ಅವರು ಮರಾಠಿಯಲ್ಲಿ ಮಾತಾಡುತ್ತಾರೆ, ನಾನು ಹಿಂದಿಯಲ್ಲಿ ಉತ್ತರಿಸುತ್ತೇನೆ, ನಡುವಿನ ಜಗಲಿಯಲ್ಲಿ ಎಲ್ಲೋ ಅರ್ಥ ಸಿಕ್ಕಿಬಿಡುತ್ತದೆ. ಐದಾರು ಹೆಂಗಸರು ಸೇರಿ ಅವರ ಮನೆಯಲ್ಲಿ ಚಕ್ಕುಲಿ, ಲಾಡು, ಶಂಕರಪೋಳಿ ಮಾಡಿ ವಾಶಿಯ ಒಬ್ಬ ವ್ಯಾಪಾರಿಗೆ ಕಳಿಸುತ್ತಾರೆ. ಕಳಿಸುವ ದಿನ ಒಂದು ಬಾಡಿಗೆ ಟೆಂಪೋ ಬರುತ್ತದೆ. ಗೇಟು ಕಾಣುವುದು ನನ್ನ ಅಡುಗೆಮನೆಯ ಕಿಟಕಿಯಿಂದ ಮಾತ್ರ, ಅವರ ಕಿಟಕಿಗಳೆಲ್ಲ ಹಿಂದಿನ ಗಲ್ಲಿಗೆ. ಆದ್ದರಿಂದ ಅಂಥ ದಿನ ಅವರು ತಮ್ಮ ಬಾಗಿಲಲ್ಲೇ ನಿಂತು ಕೇಳುತ್ತಾರೆ, "ವಹಿನಿ, ಗಾಡಿ ಖಾಲಿ ಆಹೆ ಕಾ?" ಗಾಡಿ ಕೆಳಗೆ ಬಂದಿದೆಯೇ? ನಾನು ಕಿಟಕಿಯಿಂದ ನೋಡಿ, ಬಂದಿದೆ ಅಥವಾ ಇಲ್ಲ ಎನ್ನುತ್ತೇನೆ. ನೂರು ಸಲ ಆಗಿರುವ ಮಾತು.

ಅಂದೂ ಏಳು ಗಂಟೆಗೆ ಸ್ವಲ್ಪ ಮುಂಚೆ ಅದೇ ದನಿ ಬಂತು. "ವಹಿನಿ, ಗಾಡಿ ಖಾಲಿ ಆಹೆ ಕಾ?"

ನನ್ನ ತಲೆಯ ತುಂಬ ಒಂದೇ ಒಂದು ಗಾಡಿ, ಅದು ಖಾಲಿ. ಇವರಿಗೆ ಹೇಗೆ ಗೊತ್ತಾಯಿತು ಎಂದುಕೊಂಡೆ. ಬರೀ "ಹೌದು" ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹತ್ತು ವರ್ಷ ನನಗೆ ಒಂದೇ ಮಾತು ಹೇಳಿದ್ದರು: "ಫುಲ್ ಸೆಂಟೆನ್ಸ್, ಚೈಲ್ಡ್!" ಪ್ರಶ್ನೆ ಏನೇ ಇರಲಿ, ಉತ್ತರ ಪೂರ್ಣ ವಾಕ್ಯದಲ್ಲಿ ಇರಬೇಕು. ಕೈ ಒರೆಸಿಕೊಂಡು ಬಾಗಿಲಿಗೆ ಹೋಗಿ, ಪೂರ್ಣ ವಾಕ್ಯದಲ್ಲಿ ಉತ್ತರಿಸಿದೆ.

"ಹೌದು ವಹಿನಿ, ನಮ್ಮವರ ಗಾಡಿ ವಾಶಿಗೆ ಹೋಗುವಾಗ ದಿನಾ ಖಾಲಿ ಇರುತ್ತದೆ, ಬರುವಾಗ ಮಾತ್ರ ತುಂಬಿರುತ್ತದೆ, ಅದೇ ಅವರಿಗೆ ಚಿಂತೆಯಾಗಿದೆ."

ಎದುರು ಮನೆಯ ವಹಿನಿ ಹಿಟ್ಟಿನ ಕೈಯನ್ನು ಗಾಳಿಯಲ್ಲಿ ಹಿಡಿದು ನಿಂತರು. "ಯಾವ ಗಾಡಿ? ಯಾರ ಚಿಂತೆ? ನನ್ನ ಟೆಂಪೋ ಬಂತಾ ಅಂತ ಕೇಳಿದ್ದು!"

ನನ್ನ ಹಿಂದೆ ಮೊದಲು ಮಗಳು ನಕ್ಕಳು. "ಅಮ್ಮಾ! ಸಿಲಿಂಡರ್ ಖಾಲಿ!" ಆಮೇಲೆ ಯಜಮಾನರು ನಕ್ಕರು. ನಾನೂ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕೆ. ವಹಿನಿ ಮಾತ್ರ ನಗಲಿಲ್ಲ. ಅವರ ಮುಖದಲ್ಲಿ ಲೆಕ್ಕದ ಮೇಡಂ ಮುಖದಲ್ಲಿ ಕಾಣುವಂಥದ್ದೇನೋ ಕಂಡಿತು.

"ವಾಶಿಗೆ ಅಂದಿರಾ? ದಿನಾ? ಏನೂ ಇಲ್ಲದೆ?"

"ದಿನಾ" ಎಂದೆ.

"ಇವತ್ತೂ?"

ಅವರ ಬಾಡಿಗೆ ಟೆಂಪೋದವನು ಅಂದು ಫೋನೇ ಎತ್ತುತ್ತಿರಲಿಲ್ಲ. ಎಂಟೂವರೆಯೊಳಗೆ ಮಾಲು ಮುಟ್ಟದಿದ್ದರೆ ವಾಶಿಯ ವ್ಯಾಪಾರಿ ಬೇರೆಯವರದ್ದು ತೆಗೆದುಕೊಳ್ಳುತ್ತಾನೆ. ಡಬ್ಬಗಳೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದವು. ನಾನು ತಿರುಗಿ ನೋಡಿದೆ. ಯಜಮಾನರು ಆಗಲೇ ಅಂಗಿ ತೊಡುತ್ತಿದ್ದರು.

ಆ ಡಬ್ಬಗಳನ್ನು ಅವರು ಗಾಡಿಗೆ ಏರಿಸಿದ ರೀತಿಯನ್ನು ನಾನು ಗೇಟಿನ ಪಕ್ಕ ನಿಂತು ನೋಡಿದೆ. ಮೊದಲು ಗೋಣಿಗಳನ್ನು ನಾಲ್ಕು ಪದರ ಮಡಿಸಿ ಕೆಳಗೆ ಹಾಸಿದರು. ಲಾಡಿನ ಭಾರದ ಡಬ್ಬಗಳು ಕೆಳಗೆ, ಅದರ ಮೇಲೆ ಶಂಕರಪೋಳಿ, ಎಲ್ಲಕ್ಕಿಂತ ಮೇಲೆ ಚಕ್ಕುಲಿ. ಎರಡು ಡಬ್ಬಗಳ ನಡುವೆ ಕೈಬೆರಳು ತೂರಿಸಿ, ಸಡಿಲವಿದ್ದಲ್ಲಿ ಇನ್ನೊಂದು ಗೋಣಿಯ ಮಡಿಕೆ. ಇಪ್ಪತ್ತಮೂರು ವರ್ಷ ಟೊಮೆಟೊ ಸಾಗಿಸಿದ ಕೈ ಅದು.

ವಹಿನಿ ಸೊಂಟಕ್ಕೆ ಕೈಯಿಟ್ಟು ಕೇಳಿದರು, "ನಿಮ್ಮವರು ಚಕ್ಕುಲಿ ಕಳಿಸುತ್ತಾರೋ, ಮಗುವನ್ನು ಮಲಗಿಸುತ್ತಾರೋ? ನಮ್ಮ ಟೆಂಪೋದವನಾದರೆ ಇಷ್ಟೊತ್ತಿಗೆ ಎಸೆದು ಹೊರಟಿರುತ್ತಿದ್ದ."

"ಅದಕ್ಕೇ ನಿಮ್ಮ ಚಕ್ಕುಲಿ ಅಲ್ಲಿಗೆ ಮುಟ್ಟುವಾಗ ಪುಡಿ ಆಗುದು" ಎಂದರು ಇವರು, ತಲೆಯೆತ್ತದೆ.

"ಅದು ನಿಮಗೆ ಯಾರು ಹೇಳಿದರು?"

"ಮುರಿದ ಚಕ್ಕುಲಿ ವಾಪಸ್ ಬಂದಾಗೆಲ್ಲ ನಮ್ಮ ಮನೆಗೇ ಕೊಡ್ತೀರಲ್ಲ. ಚಹಾದ ಜೊತೆ ನಾನೇ ತಿನ್ನುದು."

ಮಾಲು ಒಪ್ಪಿಸಿ ಸಹಿ ಹಾಕಿಸಿಕೊಂಡು ಬರಲು ಯಾರಾದರೂ ಹೋಗಬೇಕಿತ್ತು. ವಹಿನಿಗೆ ಮೊಣಕಾಲು ನೋವು, ಟೆಂಪೋದ ಎತ್ತರದ ಮೆಟ್ಟಿಲು ಹತ್ತಲಾರರು. ಚೀಟಿಯನ್ನು ನನ್ನ ಕೈಗೆ ಕೊಟ್ಟುಬಿಟ್ಟರು. "ಒಲೆಯ ಮೇಲೆ ಇಡ್ಲಿ ಉಂಟು" ಎಂದೆ. "ಇಡ್ಲಿ ನಾನು ನೋಡ್ತೇನೆ, ಗೋ ನಾ ಅಮ್ಮಾ!" ಎಂದು ಮಗಳು ನನ್ನ ಬೆನ್ನಿಗೆ ಕೈಕೊಟ್ಟಳು.

ಮದುವೆಯಾದಾಗಿನಿಂದ ಆ ಗಾಡಿಯ ವಾಸನೆ ನನಗೆ ಗೊತ್ತು. ಅವರ ಅಂಗಿಗಳಲ್ಲಿ ದಿನಾ ಬರುತ್ತದೆ, ಕೊತ್ತಂಬರಿ ಮತ್ತು ಹಸಿ ಗೋಣಿಯ ವಾಸನೆ. ಆದರೆ ಅದರಲ್ಲಿ ಕೂತದ್ದು ಅದೇ ಮೊದಲು. ಸೀಟಿನ ಹರಕಿನಲ್ಲಿ ಈರುಳ್ಳಿ ಸಿಪ್ಪೆ ಸೇರಿಕೊಂಡಿತ್ತು. ಎಡಗಡೆಯ ಬಾಗಿಲು ಸುಮ್ಮನೆ ತೆರೆಯುವುದಿಲ್ಲ, ಚಿಲಕವನ್ನು ಎತ್ತಿ ತಿರುಗಿಸುವ ಉಪಾಯ ಅವರಿಗೊಬ್ಬರಿಗೇ ಗೊತ್ತು. ಹಾಗಾಗಿ ಅವರು ಸುತ್ತು ಬಳಸಿ ಬಂದು ನನಗಾಗಿ ಬಾಗಿಲು ಹಿಡಿದು ನಿಂತರು. ಕಾನ್ವೆಂಟಿನ ಹುಡುಗಿಯರಾಗಿದ್ದಾಗ ನಾವು ಕನಸು ಕಂಡದ್ದು ಇಂಥದ್ದನ್ನೇ. ಅದು ಹೀಗೆ, ಚಿಲಕ ಕೆಟ್ಟ ಟೆಂಪೋದಲ್ಲಿ ಬರುತ್ತದೆಂದು ಮಾತ್ರ ಯಾರೂ ಹೇಳಿರಲಿಲ್ಲ.

"ಎಂತ ನಗಾಡ್ತಿ?" ಎಂದರು.

"ಎಂತದ್ದೂ ಇಲ್ಲ. ಬಾಗಿಲು ಹಾಕಿ."

ಹೊರಡುವ ಮೊದಲು ಸ್ಟಿಯರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮಾನಖುರ್ದ್ ದಾಟುವವರೆಗೆ ಲಾರಿಗಳ ಸಾಲು, ಎರಡೂ ಕಡೆ ಮೊಳೆತಂತೆ ಗುಡಿಸಲು, ಅಂಗಡಿ, ಮತ್ತೆ ಗುಡಿಸಲು. ಮನೆಯಲ್ಲಿ ಉಪ್ಪು ಕಡಿಮೆಯಾದರೂ ಬಾಯಿಬಿಟ್ಟು ಹೇಳದ ಮನುಷ್ಯ ಇಲ್ಲಿ ಎಲ್ಲರೊಡನೆಯೂ ಮಾತಾಡುತ್ತಿದ್ದರು. ಅಡ್ಡ ಬಂದ ರಿಕ್ಷಾದೊಡನೆ, ಕೆಂಪು ದೀಪದೊಡನೆ, ಗೇರಿನೊಡನೆ. "ಬಾ ಮಗಾ, ಬಾ, ಎರಡಕ್ಕೆ ಬಾ" ಎನ್ನುತ್ತಾರೆ, ಗೇರು ಬರುತ್ತದೆ. ಸೇತುವೆ ಹತ್ತುವಾಗ ಸಿಳ್ಳೆ ಹಾಕಿದರು. ಅವರಿಗೆ ಸಿಳ್ಳೆ ಬರುತ್ತದೆಂದೇ ನನಗೆ ತಿಳಿದಿರಲಿಲ್ಲ.

ಖಾಡಿಯಲ್ಲಿ ನೀರು ಇಳಿದಿತ್ತು. ದೂರದ ಕೆಸರಿನ ಮೇಲೆ ಯಾರೋ ತಿಳಿಗುಲಾಬಿ ಬಣ್ಣದ ದಾರ ಎಳೆದಂತೆ ಒಂದು ಗೆರೆ.

"ಅದೆಂತದು?"

"ಫ್ಲೆಮಿಂಗೊ. ಈ ತಿಂಗಳೆಲ್ಲ ಇರ್ತಾವೆ."

"ದಿನಾ ನೋಡ್ತೀರಾ? ನನಗೆ ಒಮ್ಮೆಯೂ ಹೇಳ್ಲಿಲ್ಲ!"

"ನೀನು ಬೀನ್ಸು ಎಳೇದುಂಟಾ ಕೇಳ್ತಿ, ತೆಂಗಿನಕಾಯಿ ದೊಡ್ಡದುಂಟಾ ಕೇಳ್ತಿ. ಹಕ್ಕಿ ಉಂಟಾ ಅಂತ ಯಾವಾಗ ಕೇಳಿದ್ದಿ?"

ಸೇತುವೆಯ ನಡುವೆ ಅವರು ಇದ್ದಕ್ಕಿದ್ದಂತೆ ತಲೆಯನ್ನು ಹಿಂದಕ್ಕೆ ವಾಲಿಸಿದರು. ಆಮೇಲೆ, "ಕೇಳ್ತದಾ?" ಎಂದರು.

"ಎಂತ?"

"ಶಬ್ದ ಇಲ್ಲ."

ನನಗೆ ತಿಳಿಯಲಿಲ್ಲ. ಅವರೇ ಹೇಳಿದರು. ಸೇತುವೆಯ ತುಂಡುಗಳನ್ನು ಜೋಡಿಸಿದ ಕಡೆಗಳಲ್ಲಿ ಗಾಡಿ ಖಾಲಿ ಇದ್ದರೆ ಹಿಂದಿನ ತಗಡು ಪ್ರತಿ ಸಲವೂ ಹಾರಿ ಬಡಿದುಕೊಳ್ಳುತ್ತದೆ. ಹೋಗುವಾಗಿನ ದಾರಿ ಎಂದರೆ ಇಪ್ಪತ್ತಮೂರು ವರ್ಷದಿಂದ ಅವರಿಗೆ ಆ ಬಡಿತವೇ. ಅಂದು ಚಕ್ಕುಲಿಯ ಭಾರಕ್ಕೆ ತಗಡು ಸುಮ್ಮನಿತ್ತು. ಅವರು ಇನ್ನೂ ಕಿವಿಗೊಟ್ಟು ಕೇಳುತ್ತಲೇ ಇದ್ದರು. ನಾನು ಅವರ ಕಿವಿಯ ಹಿಂದಿನ ನರೆಗೂದಲನ್ನು ನೋಡುತ್ತಿದ್ದೆ. ಅಂಗಿಯ ಎರಡನೆಯ ಗುಂಡಿಯನ್ನು ಅವಸರದಲ್ಲಿ ಮೂರನೆಯ ಕಾಜಿಗೆ ಹಾಕಿಕೊಂಡಿದ್ದರು.

ವಾಶಿಯ ವ್ಯಾಪಾರಿ ಮೊದಲ ಚಕ್ಕುಲಿ ಡಬ್ಬವನ್ನು ತೆರೆಯುವ ಮೊದಲು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. ಪುಡಿಯ ಸದ್ದಿಗಾಗಿ. ಇನ್ನೊಂದನ್ನೂ ಅಲುಗಾಡಿಸಿದ. ಮತ್ತೆ ನಮ್ಮಿಬ್ಬರನ್ನೂ ನೋಡಿ ಹಿಂದಿಯಲ್ಲಿ ಕೇಳಿದ, "ಇವತ್ತು ಬಂದದ್ದು ಯಾರ ಗಾಡಿ?"

ಅವರು ಗೋಣಿ ಮಡಿಸುತ್ತಲೇ ಹೇಳಿದರು, "ಸದ್ಯಕ್ಕೆ ಯಾರದ್ದೂ ಅಲ್ಲ."

"ಯಾರದ್ದಾದರೂ ಆಗಲಿ, ಮುಂದಿನ ಸಲವೂ ಇದರಲ್ಲೇ ಕಳಿಸಿ" ಎಂದು ಅವನು ಸಹಿ ಹಾಕಿದ.

ಬರುವಾಗ ಅವರು ನನ್ನನ್ನು ಏನೂ ಕೇಳಲಿಲ್ಲ. ಮಾರ್ಕೆಟ್ಟಿನಲ್ಲಿ ನಿಲ್ಲಿಸಿ, ನಮ್ಮ ಮಹಡಿಯ ನಾಲ್ಕೂ ಮನೆಗಳಿಗೆಂದು ಕೊತ್ತಂಬರಿ ಕಟ್ಟು ತಂದು ನನ್ನ ಮಡಿಲಿಗೆ ಹಾಕಿದರು. ಬೇರಿನ ಮಣ್ಣು ನನ್ನ ಸೀರೆಗೆ ಅಂಟಿತು. ಕೇಳದೇ ಇರುವುದು ಅವರ ಹಳೆಯ ಗುಣ. ಒಮ್ಮೆ ಬಾಂದ್ರಾದ ಕ್ಯಾಂಟೀನಿನ ವಿಷಯದಲ್ಲಿ ಅದು ನನಗೆ ಅನುಕೂಲವಾಗಿತ್ತು. ಈ ಸಲ ಅದೇ ಗುಣ ಸೀಟಿನ ನಡುವೆ ಮೂರನೆಯವರಂತೆ ಕೂತಿತ್ತು.

ಹನ್ನೊಂದಕ್ಕೆ ಎದುರು ಮನೆಗೆ ವಾಶಿಯಿಂದ ಫೋನು ಬಂತು. ವಹಿನಿ ಸೀದಾ ನನ್ನ ಅಡುಗೆಮನೆಗೇ ಬಂದರು. "ಒಂದೂ ಮುರಿದಿಲ್ಲವಂತೆ! ಇನ್ನು ಸೋಮವಾರ, ಬುಧವಾರ, ಶುಕ್ರವಾರ ನಿಮ್ಮವರೇ ಒಯ್ಯಲಿ. ಹಿಂದಿನ ಗಲ್ಲಿಯಲ್ಲಿ ಹಪ್ಪಳ ಮಾಡುವವರಿದ್ದಾರೆ, ಅವರೂ ಆ ಟೆಂಪೋದವನ ಕೈಯಲ್ಲಿ ಸಾಯುತ್ತಿದ್ದಾರೆ, ಅವರಿಗೂ ಹೇಳುತ್ತೇನೆ." ಬಾಗಿಲವರೆಗೆ ಹೋದವರು ತಿರುಗಿ, "ಆದರೆ ನನಗೂ ಇವತ್ತೇ ಹೇಳಬೇಕು ಹಾಂ. ಇಲ್ಲದಿದ್ದರೆ ಮತ್ತೆ ಆ ಮಹಾರಾಜನ ಕಾಲು ಹಿಡಿಯಬೇಕು" ಎಂದರು.

ಮಧ್ಯಾಹ್ನ ಯಜಮಾನರು ನಿದ್ದೆಹೋದರು. ನಾನು ಊಟದ ಮೇಜಿನ ಮುಂದೆ ಕೂತೆ. ಕ್ಯಾಲೆಂಡರಿನಿಂದ ಹರಿದಿಟ್ಟಿದ್ದ ಹಳೆಯ ತಿಂಗಳ ಹಾಳೆಯ ಬೆನ್ನಿಗೆ, ಸಿಸ್ಟರ್ ಕಲಿಸಿದ ಹಾಗೆ, ಹೇಳುವುದನ್ನು ಮೊದಲು ಬರೆದು ನೋಡಿದೆ. 'ನಿಮಗೆ ಸರಿ ಕಂಡ' ಎಂದು ಪೆನ್ನು ತಾನಾಗಿ ಬರೆಯಿತು. ಹೊಡೆದು ಹಾಕಿದೆ. 'ಒಂದು ವೇಳೆ ಲೋಡು ಸಿಗದಿದ್ದರೆ' ಎಂದು ಬರೆದೆ. ಹೆದರಿಕೆ ನಿಜವಾದದ್ದೇ. ಚಕ್ಕುಲಿ ದಿನಾ ಕರಿಯುವುದಿಲ್ಲ, ಗಾಡಿ ಹಳೆಯದು, ಅವರಿಗೂ ಐವತ್ತು ದಾಟಿದೆ. ಹೂಂ ಎಂದು ಏನಾದರೂ ಕೆಟ್ಟರೆ ಅದು ನಾನು ಹೇಳಿ ಆದದ್ದಾಗುತ್ತದೆ. ಇಷ್ಟು ವರ್ಷ ನಾನು ತಪ್ಪಿಸಿಕೊಂಡದ್ದು ಅದೊಂದರಿಂದಲೇ.

ಮತ್ತೆ ಅವರನ್ನು ಕೌಂಟರಿನಲ್ಲಿ ಕೂರಿಸಿ ನೋಡಿದೆ. ಇಸ್ತ್ರಿ ಮಾಡಿದ ಅಂಗಿ, ಎದುರಿಗೆ ಬಡೆಸೋಪಿನ ಬಟ್ಟಲು, ತಲೆಯ ಮೇಲೆ ಫ್ಯಾನು. ಬರುವವರಿಗೆ ನಗುತ್ತಾರೆ, ಹೋಗುವವರಿಗೆ ನಗುತ್ತಾರೆ. ಅಂಗಿಯಲ್ಲಿ ಕೊತ್ತಂಬರಿ ವಾಸನೆ ಇಲ್ಲ. ಗೇರನ್ನು ಮಗಾ ಎಂದು ಕರೆಯುವ ಮನುಷ್ಯ ಅಲ್ಲಿ ಯಾರೊಡನೆ ಮಾತಾಡುತ್ತಾರೆ? ಸಿಳ್ಳೆ ಎಲ್ಲಿ ಹಾಕುತ್ತಾರೆ? ಹಾಳೆಯ ಕೆಳಗಿನ ತುದಿಯಲ್ಲಿ ಒಂದೇ ವಾಕ್ಯ ಬರೆದು, ಮಡಿಸಿ, ಸಕ್ಕರೆ ಡಬ್ಬದ ಕೆಳಗಿಟ್ಟೆ. ಕಾಳು ನೆನೆಹಾಕಿ, ಒಣಗಿದ ಬಟ್ಟೆ ಮಡಿಸಿ, ಮತ್ತೆರಡು ಸಲ ಡಬ್ಬ ಎತ್ತಿ ಓದಿದೆ.

ಆರು ಗಂಟೆಗೆ ಐದು ನಿಮಿಷವಿರುವಾಗ ಅವರು ಫೋನು ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು, ಬೆಳಿಗ್ಗೆ ನಿಂತಿದ್ದ ಜಾಗಕ್ಕೇ. ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ನಾನು ಎದ್ದು ನಿಂತೆ. ಶಾಲೆಯಲ್ಲಿ ಉತ್ತರ ಹೇಳುವಾಗ ಎದ್ದು ನಿಲ್ಲಬೇಕಿತ್ತು.

"ನಾವು ಆ ಗಾಡಿಯನ್ನು ತೆಗೆದುಕೊಳ್ಳುತ್ತೇವೆ, ಮತ್ತು ನಾಳೆಯಿಂದ ಅದನ್ನು ನೀವೇ ನಮಗಾಗಿ ಓಡಿಸುತ್ತೀರಿ."

ಅವರು ನನ್ನನ್ನೇ ನೋಡಿದರು. "ಇದೆಂತ, ಪುಸ್ತಕದ ಹಾಗೆ ಹೇಳ್ತಿ?"

"ಫುಲ್ ಸೆಂಟೆನ್ಸ್" ಎಂದೆ.

"ಪಪ್ಪಾ, ಮತ್ಲಬ್ ಅಮ್ಮ ಹೂಂ ಹೇಳಿದ್ರು! ಫೋನ್ ಮಾಡಿ ನಾ, ಬೇಗ!" ಮಗಳು ಹಿಂದಿನಿಂದ ಅವರನ್ನು ಅಲುಗಾಡಿಸಿದಳು. ಅವರು ನಂಬರು ಒತ್ತಿದರು. ಎರಡು ಸಲ ತಪ್ಪಾಯಿತು. ಬಾಲ್ಕನಿಗೆ ಹೋಗಿ ಮಾತಾಡಿ ಬಂದವರ ಮುಖದಲ್ಲಿ ವಿಚಿತ್ರವಾದ ನಗುವಿತ್ತು.

"ಧಣಿಗಳು ಎಂತ ಹೇಳಿದ್ರು?"

"ಗೊತ್ತಿತ್ತು ಹೇಳಿದ್ರು. ಗಾಡಿ ಒಂದು ದಿನ ಮನೆಗೆ ಕಳಿಸಿದ್ದು ನಿನಗೋಸ್ಕರ ಅಲ್ಲ ಮಾರಾಯ, ನಿನಗೆ ಅದು ಇಪ್ಪತ್ತಮೂರು ವರ್ಷದಿಂದ ಗೊತ್ತುಂಟು, ನಿನ್ನ ಹೆಂಡತಿ ನೋಡ್ಲಿ ಅಂತ ಕಳಿಸಿದ್ದು ಹೇಳಿದ್ರು."

ದೀಪ ಹಚ್ಚಿದೆ. ಕುಂಕುಮದ ಬಟ್ಟಲು, ನಾಲ್ಕು ದಾಸವಾಳ, ಒಂದು ಲಿಂಬೆಹಣ್ಣು ತಟ್ಟೆಯಲ್ಲಿಟ್ಟುಕೊಂಡು ಮೂವರೂ ಕೆಳಗಿಳಿಯಲು ಹೊರಟೆವು. ಮಗಳು, ಗಾಡಿಗೆ ಗುಲಾಬಿ ಬಣ್ಣ ಹೊಡೆಸೋಣ, ಫ್ಲೆಮಿಂಗೊ ಥರ, ಎನ್ನುತ್ತಿದ್ದಳು. ತರಕಾರಿ ಗಾಡಿಗೆ ಗುಲಾಬಿಯಾ ಎಂದು ಅವರು ಬೈಯುತ್ತಿದ್ದರು. ಎದುರು ಮನೆಯ ವಹಿನಿಗೆ ಸುದ್ದಿಯನ್ನು ನಾನೇ ಹೇಳಬೇಕು, ಪೂರ್ಣ ವಾಕ್ಯದಲ್ಲಿ ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ಬಾಗಿಲಿಗೆ ಬೀಗ ಹಾಕಿದೆ.

ಅಷ್ಟರಲ್ಲಿ ವಹಿನಿಯೇ ಸ್ಕೂಟರಿನ ಕೀಲಿ ಕುಣಿಸುತ್ತಾ ಕೆಳಗಿನಿಂದ ಮೇಲಕ್ಕೆ ಬಂದರು. ಅರ್ಧ ಮೆಟ್ಟಿಲಲ್ಲೇ ನಿಂತು, ನನ್ನ ಕೈಯ ತಟ್ಟೆಯನ್ನಾಗಲಿ ನಮ್ಮ ಮುಖಗಳನ್ನಾಗಲಿ ನೋಡದೆ, ಮೊಣಕಾಲು ಉಜ್ಜಿಕೊಳ್ಳುತ್ತಾ ಹೇಳಿದರು:

"ವಹಿನಿ, ನಿಮ್ಮ ಗಾಡಿ ಖಾಲಿ ಆಹೆ ನಾ? ಸ್ವಲ್ಪ ಹಿಂದಕ್ಕೆ ತಗೊಳ್ಳಲು ಹೇಳಿ, ನನ್ನ ಸ್ಕೂಟರ್ ಸಿಕ್ಕಿಕೊಂಡಿದೆ."